ಕುಸುಮರೋಗಿಗಳ ಶಸ್ತ್ರಚಿಕಿತ್ಸೆ: ಇತಿಹಾಸ

ಕುಸುಮರೋಗ, ಅಂದರೆ ಹಿಮೋಫಿಲಿಯಾ, ರಕ್ತವನ್ನು ಹೆಪ್ಪುಗಟ್ಟಿಸುವ ಫ್ಯಾಕ್ಟರ್ 8 ಅಥವಾ 9 ಎಂಬ ಪ್ರೋಟೀನಿನ ಕೊರತೆಯಿಂದ ಬರುವ ಆನುವಂಶಿಕ ಕಾಯಿಲೆ. ಈ ರೋಗಿಗಳ ಗಾಯದಿಂದ ರಕ್ತ ಉಳಿದವರಿಗಿಂತ ಜೋರಾಗಿಯೇನೂ ಸುರಿಯುವುದಿಲ್ಲ, ಆದರೆ ಬೇಗ ನಿಲ್ಲುವುದಿಲ್ಲ. ನಿಂತಿತು ಎಂದುಕೊಂಡದ್ದು ಒಂದೆರಡು ದಿನ ಬಿಟ್ಟು ಮತ್ತೆ ಶುರುವಾಗುವುದೂ ಉಂಟು. ಆದ್ದರಿಂದ ಇವರ ಶಸ್ತ್ರಚಿಕಿತ್ಸೆಯ ಇತಿಹಾಸದಲ್ಲಿ ಶಸ್ತ್ರವೈದ್ಯನ ಕೈಚಳಕಕ್ಕಿಂತ ರಕ್ತನಿಧಿ, ಪ್ರಯೋಗಾಲಯಗಳದೇ ದೊಡ್ಡ ಪಾಲು.

ಅತಿ ಹಳೆಯ ಉಪಾಯ ಕತ್ತಿ ಮುಟ್ಟಿಸದಿರುವುದು. ಸುನ್ನತಿಯಿಂದ ಇಬ್ಬರು ಅಣ್ಣಂದಿರು ಸತ್ತಿದ್ದರೆ ಮೂರನೆಯ ಮಗುವಿಗೆ ಸುನ್ನತಿ ಬೇಡವೆಂಬ ಅಭಿಪ್ರಾಯ ಯಹೂದಿಗಳ ತಾಲ್ಮುದ್‌ನಲ್ಲಿದೆ. 1840ರಲ್ಲಿ ಲಂಡನ್ನಿನ ಸ್ಯಾಮ್ಯುಯೆಲ್ ಲೇನ್, ಮೆಳ್ಳೆಗಣ್ಣಿನ ಶಸ್ತ್ರಚಿಕಿತ್ಸೆಯ ನಂತರ ರಕ್ತ ನಿಲ್ಲದೆ ಸಾಯುವ ಸ್ಥಿತಿ ತಲುಪಿದ್ದ 11 ವರ್ಷದ ಹುಡುಗನಿಗೆ ಬೇರೊಬ್ಬರ ರಕ್ತ ಕೊಟ್ಟು ಉಳಿಸಿದ. ರಕ್ತದ ಗುಂಪುಗಳೇ ಗೊತ್ತಿಲ್ಲದ ಕಾಲವದು. ಹುಡುಗನ ಅದೃಷ್ಟವೂ ಕೂಡಿಬಂದಿರಬೇಕು.

1934ರಲ್ಲಿ ಮ್ಯಾಕ್‌ಫರ್ಲೇನ್ ಮತ್ತು ಬಾರ್ನೆಟ್ ಮತ್ತೊಂದು ದಾರಿ ತೋರಿಸಿದರು. ನಮ್ಮ ಹೊಲಗಳಲ್ಲಿ ಎಷ್ಟೋ ರೈತರ ಜೀವ ತೆಗೆದಿರುವ ಕೊಳಕುಮಂಡಲದ ವಿಷವನ್ನು ಬಹಳ ತೆಳುವಾಗಿಸಿ ಹಲ್ಲು ಕಿತ್ತ ಜಾಗಕ್ಕೆ ಹಚ್ಚಿದರೆ ರಕ್ತ ಅಲ್ಲೇ ಹೆಪ್ಪುಗಟ್ಟುತ್ತಿತ್ತು. ಹಲ್ಲಿಗೆ ಅದು ಸಾಕಿತ್ತು, ಹೊಟ್ಟೆ ಕೊಯ್ಯಲು ಸಾಲದು. 1950ರ ದಶಕದಲ್ಲಿ ಆಕ್ಸ್‌ಫರ್ಡ್‌ನ ಎಥೆಲ್ ಬಿಡ್‌ವೆಲ್ ದನ ಮತ್ತು ಹಂದಿಯ ರಕ್ತದಿಂದ ಫ್ಯಾಕ್ಟರ್ 8 ಬೇರ್ಪಡಿಸಿದರು. ದೊಡ್ಡ ಶಸ್ತ್ರಚಿಕಿತ್ಸೆಗಳೇನೋ ಸಾಧ್ಯವಾದವು, ಆದರೆ ಕೆಲವೇ ದಿನಗಳಲ್ಲಿ ರೋಗಿಯ ದೇಹ ಈ ಪರಕೀಯ ಪ್ರೋಟೀನಿನ ಮೇಲೆ ತಿರುಗಿಬೀಳುತ್ತಿತ್ತು.

ನಿಜವಾದ ತಿರುವು 1960ರ ದಶಕದ ಮಧ್ಯದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬಂತು. ಹಿಮಗಟ್ಟಿಸಿಟ್ಟ ಪ್ಲಾಸ್ಮಾವನ್ನು ನಿಧಾನವಾಗಿ ಕರಗಿಸಿದಾಗ ತಳದಲ್ಲಿ ಉಳಿಯುವ ಗಷ್ಟಿನಲ್ಲೇ ಫ್ಯಾಕ್ಟರ್ 8 ಹೆಚ್ಚಾಗಿರುವುದನ್ನು ಜುಡಿತ್ ಪೂಲ್ ಕಂಡುಕೊಂಡರು. ಈ ಕ್ರಯೋಪ್ರೆಸಿಪಿಟೇಟ್ ತಯಾರಿಸಲು ಕಾರ್ಖಾನೆ ಬೇಕಿರಲಿಲ್ಲ, ಸಾಮಾನ್ಯ ರಕ್ತನಿಧಿ ಸಾಕಿತ್ತು. ಜೀವಕ್ಕೆ ಕುತ್ತು ಬಂದಾಗಷ್ಟೇ ಕೊಯ್ಯುತ್ತಿದ್ದ ವೈದ್ಯರು ಮುಂದೆ ದಿನ ಗೊತ್ತುಮಾಡಿ, ಕೆಟ್ಟುಹೋದ ಮಂಡಿಗಳನ್ನು ಸರಿಪಡಿಸತೊಡಗಿದರು. 1977ರಲ್ಲಿ ಇಟಲಿಯ ಮನ್ನೂಚಿ ತಂಡ, ಸೌಮ್ಯ ಸ್ವರೂಪದ ರೋಗಿಗಳಿಗೆ ಡೆಸ್ಮೋಪ್ರೆಸಿನ್ ಔಷಧದಿಂದಲೇ ಕೆಲಸ ಸಾಗೀತೆಂದು ತೋರಿಸಿತು. ಸಾವಿರಾರು ದಾನಿಗಳ ಪ್ಲಾಸ್ಮಾ ಬೆರೆಸಿ ತಯಾರಿಸಿದ ಪುಡಿಗಳು ಮಾತ್ರ 1980ರ ದಶಕದಲ್ಲಿ ಎಚ್‌ಐವಿ ಹರಡಿದವು. ಒಂದು ಪೀಳಿಗೆಯೇ ಬಲಿಯಾಯಿತು. ಫ್ಯಾಕ್ಟರಿಗೆ ಪ್ರತಿಕಾಯ ಬೆಳೆದವರ ಪಾಲಿಗೆ, ಉಲ್ಲಾ ಹೆಡ್ನರ್ ರೂಪಿಸಿದ ಫ್ಯಾಕ್ಟರ್ 7ಎ ಅನ್ನು 1988ರಲ್ಲಿ ಸ್ವೀಡನ್ನಿನಲ್ಲಿ ಕೀಲಿನ ಶಸ್ತ್ರಚಿಕಿತ್ಸೆಯೊಂದರಲ್ಲಿ ಮೊದಲು ಬಳಸಲಾಯಿತು.

ಶಸ್ತ್ರಚಿಕಿತ್ಸೆಗೆ ಬೇಕಾಗುವ ಫ್ಯಾಕ್ಟರಿನ ಲೆಕ್ಕ ಸರಳ: ಕೆ.ಜಿ. ತೂಕಕ್ಕೆ ಒಂದು ಯೂನಿಟ್ ಕೊಟ್ಟರೆ ಫ್ಯಾಕ್ಟರ್ 8ರ ಮಟ್ಟ ಶೇ. 2ರಷ್ಟು ಏರುತ್ತದೆ. ತೀವ್ರ ಕೊರತೆಯ 50 ಕೆ.ಜಿ. ರೋಗಿಯನ್ನು ಶೇ. 100ಕ್ಕೆ ಒಯ್ಯಲು 2,500 ಯೂನಿಟ್ ಬೇಕು. ಸುಮಾರು 12 ಗಂಟೆಗಳಲ್ಲಿ ಅದು ಅರ್ಧಕ್ಕಿಳಿಯುವುದರಿಂದ ಗಾಯ ಮಾಯುವ ತನಕ ಮತ್ತೆ ಮತ್ತೆ ಕೊಡಬೇಕು. ಇಷ್ಟು ಖರ್ಚು ಭರಿಸಲಾಗದವರಿಗಾಗಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜು ಕಡಿಮೆ ಪ್ರಮಾಣದ ಕ್ರಮವನ್ನು ಪರೀಕ್ಷಿಸಿ 1998ರಲ್ಲಿ ಪ್ರಕಟಿಸಿತು. ಭಾರತದಂಥ ದೇಶಗಳಿಗೆ ಯಾವ ಹೊಸ ಔಷಧಕ್ಕಿಂತಲೂ ಇದು ಹೆಚ್ಚು ಉಪಯೋಗದ ಕೆಲಸ.

2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಎಮಿಸಿಜುಮ್ಯಾಬ್ ಎಂಬ ಔಷಧ ಸಣ್ಣ ಶಸ್ತ್ರಚಿಕಿತ್ಸೆಗಳನ್ನು ಹಗುರಗೊಳಿಸಿದೆ. ದೊಡ್ಡದಕ್ಕೆ ಇಂದಿಗೂ ಸಾಮಾನ್ಯವಾಗಿ ಫ್ಯಾಕ್ಟರ್ ಬೇಕು. ಆದರೆ ಈ ಔಷಧ ಪಡೆಯುವವರಲ್ಲಿ ಎಪಿಟಿಟಿ ಎಂಬ ರೂಢಿಯ ಪರೀಕ್ಷೆ, ಕೊರತೆಯಿದ್ದರೂ ಎಲ್ಲ ಸರಿಯಿದೆ ಎಂದುಬಿಡುತ್ತದೆ. ಅವರ ಫ್ಯಾಕ್ಟರ್ 8 ಅಳೆಯಲು ದನದ ಪ್ರೋಟೀನು ಬಳಸುವ ಕ್ರೋಮೋಜೆನಿಕ್ ಪರೀಕ್ಷೆಯೇ ಆಗಬೇಕು.