ಇಬ್ಬನಿಯ ಮೇಲಿನ ಅಪವಾದ

ಗಂಗಾವತಿ ಕಡೆಯ ನಮ್ಮ ಗದ್ದೆಯಲ್ಲಿ ಆ ವರ್ಷ ಸೋನಾ ಮಸೂರಿ ಹೊಡೆ ಕಟ್ಟುವ ಹೊತ್ತಿಗೆ ಎಲೆಗಳು ತುದಿಯಿಂದ ಅಂಚು ಹಿಡಿದು ಒಣಗುತ್ತ ಬಂದವು. ಹಸಿರಿಗೂ ಹುಲ್ಲುಬಣ್ಣಕ್ಕೂ ನಡುವೆ ಅಲೆಅಲೆಯಾದ ಗೆರೆ. “ಮಂಜು ಬಿದ್ದು ಸುಟ್ಟಾವವ್ವ” ಎಂದ ಅಪ್ಪ, ಇನ್ನೊಂದು ಚೀಲ ಯೂರಿಯಾ ಎರಚಿದ. ಈ ರೋಗಕ್ಕೆ ಯೂರಿಯಾ ಅಂದರೆ ಹಬ್ಬದೂಟ ಅಂತ ಆಗ ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ.

ಮುಂದೆ ಕೃಷಿ ಓದುತ್ತಿದ್ದಾಗ ರಜೆಗೆ ಬಂದವಳು ಅಂಥದೇ ಒಂದು ಎಲೆ ಕತ್ತರಿಸಿ ಗಾಜಿನ ಲೋಟದ ನೀರಿಗೆ ಇಳಿಬಿಟ್ಟೆ. ಕೊಯ್ದ ಬಾಯಿಂದ ಹಾಲಿನ ಎಳೆಯಂಥದ್ದು ನಿಧಾನಕ್ಕೆ ಕೆಳಗಿಳಿಯಿತು. ಅಪ್ಪ ಲೋಟವನ್ನು ಬೆಳಕಿಗೆ ಹಿಡಿದು ನೋಡಿದ. ಮಾತಾಡಲಿಲ್ಲ. ಅದು ಮಂಜಲ್ಲ, ದುಂಡಾಣು: ಕ್ಸಾಂಥೊಮೊನಾಸ್ ಒರೈಜೆ.

ಅಪ್ಪನದು ಪೂರ್ತಿ ತಪ್ಪೂ ಅಲ್ಲ. ಜಪಾನಿನ ಫುಕುವೋಕದಲ್ಲಿ 1884ರಲ್ಲಿ ಈ ಅಂಗಮಾರಿ ಕಂಡಾಗ ರೈತರು ಮಣ್ಣಿನ ಹುಳಿಯನ್ನು ದೂರಿದರು. 1908ರಲ್ಲಿ ತಕೈಶಿ ಎಂಬಾತ ಭತ್ತದೆಲೆಯ ಮೇಲಿನ ಕದಡಿದ ಇಬ್ಬನಿಯನ್ನೇ ಪರೀಕ್ಷಿಸಿದ. ಅದರ ತುಂಬ ದುಂಡಾಣು. ಆ ಹನಿಯನ್ನೇ ಬೇರೆ ಎಲೆಗೆ ಸೋಕಿಸಿದಾಗ ರೋಗ ಬಂತು.

ರೋಗಾಣು ಸಿಕ್ಕಿತು, ಸರಿ. ಅದು ಯಾವಾಗ ರೋಗ ತರಬೇಕೆಂದು ಹೇಗೆ ತೀರ್ಮಾನಿಸುತ್ತದೆ? ಇದರ ಎಳೆ ಸಿಕ್ಕಿದ್ದು ಭತ್ತದಲ್ಲಲ್ಲ, ಎಲೆಕೋಸಿನಲ್ಲಿ. ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಮೈಕ್ ಡೇನಿಯಲ್ಸ್ ತಂಡ ಕೋಸಿನ ಕಪ್ಪು ಕೊಳೆ ರೋಗದ ದುಂಡಾಣುವಿನಲ್ಲಿ ಜೀನ್‌ಗಳ ಒಂದು ಗೊಂಚಲನ್ನು ಗುರುತಿಸಿ 1991ರಲ್ಲಿ ಪ್ರಕಟಿಸಿತು. ಅದಕ್ಕೆ ‘ಆರ್‌ಪಿಎಫ್’ ಎಂದು ಹೆಸರು. ಅದು ಕೆಟ್ಟರೆ ಗಿಡದ ಕೋಶಭಿತ್ತಿ ಕರಗಿಸುವ ಕಿಣ್ವಗಳೂ ಇಳಿದುಹೋಗುತ್ತವೆ, ದುಂಡಾಣು ಸ್ರವಿಸುವ ಅಂಟೂ ಇಳಿದುಹೋಗುತ್ತದೆ. (ಅಂಗಡಿಯ ಸಾಸ್ ಮಂದವಾಗಲು ಹಾಕುವ ಕ್ಸಾಂಥನ್ ಗಮ್ ಇದೇ ಅಂಟು, ಹೇಳಿದರೆ ನನ್ನ ಮಗಳು ಮುಖ ಸಿಂಡರಿಸುತ್ತಾಳೆ.) 1997ರಲ್ಲಿ ಒಳಗುಟ್ಟು ಬಯಲಾಯಿತು. ಪ್ರತಿ ದುಂಡಾಣುವೂ ಕೊಬ್ಬಿನಾಮ್ಲದಂಥ ಒಂದು ವಸ್ತುವನ್ನು ಚೂರುಚೂರೇ ಹೊರಬಿಡುತ್ತದೆ. ಅದನ್ನು ತಯಾರಿಸುವುದು ಗೊಂಚಲಿನ ‘ಎಫ್’ ಜೀನ್, ಮೂಸುವುದು ‘ಸಿ’. ನೀರ್ನಾಳದ ಇಕ್ಕಟ್ಟಿನಲ್ಲಿ ಸಂತತಿ ಹೆಚ್ಚಿ ಆ ವಾಸನೆ ಗಟ್ಟಿಯಾದಾಗಲೇ ದಾಳಿಯ ಜೀನ್‌ಗಳು ಚುರುಕಾಗುವುದು.

ಭತ್ತದ ಕತೆಯೂ ಹೀಗೇ ಇರಬೇಕು ಎಂದುಕೊಂಡರೆ, ಅಲ್ಲ. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯಲ್ಲಿ ಸುಭದೀಪ್ ಚಟರ್ಜಿ ಮತ್ತು ರಮೇಶ್ ಸೋಂಟಿ ಭತ್ತದ ದುಂಡಾಣುವಿನ ‘ಎಫ್’ ಜೀನನ್ನು ಕೆಡಿಸಿ ನೋಡಿದರು. 2002ರ ವರದಿ ಅದು. ಕಿಣ್ವ ಇತ್ತು, ಅಂಟೂ ಇತ್ತು, ರೋಗ ತರುವ ಕಸುವು ಮಾತ್ರ ಕುಂದಿತ್ತು. ಕಬ್ಬಿಣ ಕಡಿಮೆಯಿದ್ದಲ್ಲಿ ಜೀನ್ ಕೆಟ್ಟ ಆ ದುಂಡಾಣು ಬೆಳೆಯಲಾರದು! ಒಂದೇ ಜೀನು, ಎರಡು ಬೆಳೆಯಲ್ಲಿ ಎರಡು ಬಾಳು. ನನಗೆ ಈ ಇತಿಹಾಸದಲ್ಲೆಲ್ಲ ಇಷ್ಟವಾದ ತಿರುವು ಇದು.

ಅಪ್ಪನಿಗೆ ಇದನ್ನೆಲ್ಲ ವಿವರಿಸಲು ಹೋದೆ. ಪೂರ್ತಿ ಕೇಳಿ, “ಒಂದಿದ್ರ ಸುಮ್ಮನಿರತಾವು, ಗುಂಪಾದ್ರ ಜಗಳಕ್ಕ ಬರತಾವು, ಹೌದಿಲ್ಲೊ?” ಎಂದ. ಮರುವರ್ಷ ನಾಟಿಯ ದಿನ ಸಸಿಯ ತುದಿ ಚಿವುಟುತ್ತಿದ್ದ ಹೆಂಗಸರನ್ನು ತಡೆದ. ಗಾಯದ ಬಾಯಿಂದಲೂ ದುಂಡಾಣುಗಳು ಒಳಹೊಗುತ್ತವೆಂದು ನಾನೇ ಹೇಳಿದ್ದೆ. ಯೂರಿಯಾ ಚೀಲವನ್ನು ಮಾತ್ರ ಅವನು ಬಿಡಲಿಲ್ಲ.