ಇಪ್ಪತ್ತೆರಡು ಪದಗಳ ಪ್ರಾರ್ಥನೆ

1951ರಲ್ಲಿ ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ವಿದ್ಯಾಮಂಡಲಿಯವರು ಶಾಲೆಗಳಿಗಾಗಿ ಒಂದು ಪ್ರಾರ್ಥನೆಯನ್ನು ರಚಿಸಿದರು. ಇಂಗ್ಲಿಷಿನಲ್ಲಿ ಅದು 22 ಪದಗಳಷ್ಟು. ಏಸುವಿನ ಹೆಸರು ಅದರಲ್ಲಿಲ್ಲ; ಯಾವ ಪಂಥದ ಸೊಲ್ಲೂ ಇಲ್ಲ. ದೇವರನ್ನು ನೆನೆದು, ತಮಗೂ ತಂದೆತಾಯಿಗಳಿಗೂ ಗುರುಗಳಿಗೂ ದೇಶಕ್ಕೂ ಮಂಗಳವನ್ನು ಕೋರುವುದಷ್ಟೇ ಅದರ ತಿರುಳು. ಇಂಥ ಸಾಧುವಾದ ಪ್ರಾರ್ಥನೆಯಿಂದ ಯಾರಿಗೇನು ಕೇಡು? ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ನಾಲ್ಕು ಶತಮಾನಗಳಷ್ಟು ಹಿಂದಕ್ಕೆ ಹೋಗಬೇಕು.

ಆರನೆಯ ಎಡ್ವರ್ಡನ ಆಳ್ವಿಕೆಯಲ್ಲಿ, 1549ರಲ್ಲಿ, ಇಂಗ್ಲೆಂಡಿನ ಪಾರ್ಲಿಮೆಂಟು ಇಡೀ ದೇಶಕ್ಕೆ ಒಂದೇ ಪ್ರಾರ್ಥನಾ ಪುಸ್ತಕವನ್ನು ಶಾಸನದ ಮೂಲಕ ವಿಧಿಸಿತು. ಮೇರಿ ರಾಣಿ ಪಟ್ಟಕ್ಕೆ ಬಂದಾಗ ಅದು ಹೋಯಿತು; 1559ರಲ್ಲಿ ಎಲಿಜಬೆತ್ ರಾಣಿಯೊಡನೆ ಮರಳಿ ಬಂದಿತು. ಗದ್ದುಗೆ ಬದಲಾದಂತೆ ಭಕ್ತನ ಬಾಯಿಯ ಮಾತೂ ಬದಲಾಗಬೇಕಾಯಿತು. ಇದಕ್ಕೆ ಒಗ್ಗದ ಪ್ಯೂರಿಟನ್ನರು ಕಡಲು ದಾಟಿ ಅಮೆರಿಕಕ್ಕೆ ಹೋದರು. ವಿಚಿತ್ರವೆಂದರೆ, ಅಲ್ಲಿ ಅಧಿಕಾರ ತಮ್ಮ ಕೈಗೆ ಬಂದೊಡನೆ ಅವರೂ ಅದನ್ನೇ ಮಾಡಿದರು. ಭಿನ್ನವಾಗಿ ನುಡಿದ ರಾಜರ್ ವಿಲಿಯಮ್ಸನನ್ನು 1635ರಲ್ಲಿ ಮ್ಯಾಸಚೂಸೆಟ್ಸ್ ವಸಾಹತಿನಿಂದ ಗಡೀಪಾರು ಮಾಡಿದರು. ಆತ ನಾಸ್ತಿಕನಲ್ಲ, ಪರಮ ಭಕ್ತ. ರಾಜಸತ್ತೆಯ ಹಂಗಿಗೆ ಬಿದ್ದರೆ ಮೊದಲು ಕೆಡುವುದು ಧರ್ಮವೇ ಎಂಬುದು ಆತನ ನಿಲುವಾಗಿತ್ತು.

ಮುಂದೆ ಸರಕಾರಿ ಶಾಲೆಗಳು ಬಂದಾಗ ಈ ಹಳೆಯ ವ್ಯಾಜ್ಯ ತರಗತಿಗಳೊಳಕ್ಕೆ ಕಾಲಿಟ್ಟಿತು. ಫಿಲಡೆಲ್ಫಿಯದ ಶಾಲೆಗಳಲ್ಲಿ ಓದಿಸುತ್ತಿದ್ದುದು ಪ್ರಾಟೆಸ್ಟಂಟರು ಮನ್ನಿಸುವ ಬೈಬಲ್ಲಿನ ಪಾಠ. ತಮ್ಮ ಮಕ್ಕಳಿಗೆ ತಮ್ಮ ಪಾಠವನ್ನೇ ಓದಲು ಬಿಡಿರೆಂದು ಕ್ಯಾಥೊಲಿಕ್ ಬಿಷಪ್ ಕೆನ್ರಿಕ್ 1842ರಲ್ಲಿ ಕೇಳಿಕೊಂಡರು. ಬೈಬಲ್ಲನ್ನೇ ಶಾಲೆಯಿಂದ ಹೊರಹಾಕಲು ಹೊಂಚುತ್ತಿದ್ದಾರೆಂಬ ಗುಲ್ಲೆದ್ದಿತು. 1844ರ ದಂಗೆಗಳಲ್ಲಿ ಹತ್ತಾರು ಜನ ಸತ್ತರು. ಎರಡು ಇಗರ್ಜಿಗಳು ಬೆಂಕಿಗೆ ಆಹುತಿಯಾದವು. ಕೊಂದವರೂ ಸತ್ತವರೂ ಕ್ರೈಸ್ತರೇ! ಈ ಜಗಳ ಆಸ್ತಿಕ ನಾಸ್ತಿಕರದೆನ್ನುವವರು ಇದನ್ನು ಮರೆಯಲಾಗದು.

ಈಗ ಆ 22 ಪದಗಳಿಗೆ ಬರೋಣ. ನ್ಯೂ ಹೈಡ್ ಪಾರ್ಕ್ ಊರಿನ ಶಾಲೆಗಳು ಪ್ರಾರ್ಥನೆಯನ್ನು ಜಾರಿಗೆ ತಂದಾಗ ಹತ್ತು ವಿದ್ಯಾರ್ಥಿಗಳ ತಂದೆತಾಯಿಗಳು ನ್ಯಾಯಾಲಯದ ಮೆಟ್ಟಿಲೇರಿದರು. 1962ರ ಜೂನ್ 25ರಂದು ಸುಪ್ರೀಂ ಕೋರ್ಟು 6-1ರ ಬಹುಮತದಿಂದ, ಪ್ರಾರ್ಥನೆಯನ್ನು ರಚಿಸುವುದು ಸರಕಾರದ ಕೆಲಸವಲ್ಲವೆಂದು ತೀರ್ಪಿತ್ತಿತು. ತೀರ್ಪನ್ನು ಬರೆದ ಹ್ಯೂಗೋ ಬ್ಲ್ಯಾಕ್ ಆಧಾರವಾಗಿಟ್ಟುಕೊಂಡದ್ದು ಮೇಲೆ ಹೇಳಿದ ಇಂಗ್ಲೆಂಡಿನ ಇತಿಹಾಸವನ್ನೇ. ಮರುವರ್ಷ ಪೆನ್ಸಿಲ್ವೇನಿಯದ ಶಾಲೆಗಳಲ್ಲಿ ದಿನವೂ ಹತ್ತು ಬೈಬಲ್ ವಚನಗಳನ್ನು ಓದಿಸುವ ಶಾಸನವೂ ಬಿದ್ದುಹೋಯಿತು.

ಎದುರು ಪಕ್ಷದ ಮಾತನ್ನೂ ಕೇಳಬೇಕು. ಭಿನ್ನಮತ ಬರೆದ ಪಾಟರ್ ಸ್ಟುಅರ್ಟ್, ಪ್ರಾರ್ಥಿಸಲೊಲ್ಲದವರಿಗೆ ಬಲವಂತವಿಲ್ಲದಿರುವಾಗ ಒಪ್ಪಿದವರಿಗೆ ನಾಡಿನ ಆಧ್ಯಾತ್ಮಿಕ ಪರಂಪರೆಯನ್ನು ಏಕೆ ತಪ್ಪಿಸಬೇಕೆಂದರು. ತೂಕವುಳ್ಳ ಮಾತು. ಇಷ್ಟವಿಲ್ಲದ ಮಗು ಸುಮ್ಮನಿರಬಹುದಿತ್ತು, ಹೊರಗೆ ಹೋಗಬಹುದಿತ್ತು. ಆದರೆ ಇಡೀ ತರಗತಿಯ ಕಣ್ಣೆದುರಿಗೆ ಹತ್ತು ವರ್ಷದ ಹುಡುಗಿಯೊಬ್ಬಳು ಎದ್ದು ಹೊರನಡೆಯುವುದು ಕಾಗದದ ಮೇಲೆ ಬರೆದಷ್ಟು ಸುಲಭವೆ? ದೊಡ್ಡವರಿಗೇ ಇಲ್ಲದ ಎದೆಗಾರಿಕೆಯನ್ನು ಮಕ್ಕಳಲ್ಲಿ ನಿರೀಕ್ಷಿಸುವುದು ನ್ಯಾಯವಲ್ಲ.

ವಿವಾದ ಇನ್ನೂ ಮುಗಿದಿಲ್ಲ. ಆಟ ಮುಗಿದ ಮೇಲೆ ಮೈದಾನದಲ್ಲಿ ಮಂಡಿಯೂರಿ ಪ್ರಾರ್ಥಿಸುವುದು ಬ್ರೆಮರ್ಟನ್ ಊರಿನ ಶಾಲೆಯ ಫುಟ್‌ಬಾಲ್ ತರಬೇತುದಾರನ ಸ್ವಂತ ಹಕ್ಕೆಂದು 2022ರಲ್ಲಿ ಅದೇ ನ್ಯಾಯಾಲಯ 6-3ರ ಬಹುಮತದಿಂದ ಹೇಳಿತು. ಉಳಿದ ಮೂವರು ಆಟಗಾರ ಹುಡುಗರ ಮೇಲೆ ಬೀಳುವ ಒತ್ತಡವನ್ನು ಎತ್ತಿ ತೋರಿಸಿದರು.

ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆ ನಮ್ಮಲ್ಲುಂಟು. ಸರಕಾರವೇ ಪೂಜಾರಿಯಾಗಿ ನಿಂತಾಗ ಏನಾಯಿತೆಂಬುದಕ್ಕೆ ಇಂಗ್ಲೆಂಡೂ ಫಿಲಡೆಲ್ಫಿಯವೂ ಸಾಕ್ಷಿ. ಪರೀಕ್ಷೆಯ ಹೊತ್ತಿನಲ್ಲಿ ಮಗುವೊಂದು ಕಣ್ಣುಮುಚ್ಚಿ ತನ್ನ ದೇವರನ್ನು ನೆನೆಯುವುದನ್ನು ಯಾವ ತೀರ್ಪೂ ತಡೆದಿಲ್ಲ. ಆ ಪ್ರಾರ್ಥನೆಗೆ ವಿದ್ಯಾಮಂಡಲಿಯ ಒಪ್ಪಿಗೆಯೂ ಬೇಕಾಗಿಲ್ಲ.