ಬೆಟ್ಟದ ಜಾಡು, ಹೊಗೆಯ ಲೆಕ್ಕ: ಮಾಗಡಿ–ರಾಮನಗರ ಸೀಮೆಯ ಆಫ್‌ರೋಡ್ ವಾಹನಗಳೂ ಹವಾಮಾನ ವಿವಾದವೂ

1. ವಿವಾದದ ಹಿನ್ನೆಲೆ

ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಬಲ ತಲುಪಿ, ರಸ್ತೆ ಮುಗಿದ ಮೇಲೂ ಕಲ್ಲು, ಕೆಸರು, ಇಳಿಜಾರುಗಳಲ್ಲಿ ಸಾಗಬಲ್ಲ ವಾಹನಕ್ಕೆ ಆಫ್‌ರೋಡ್ ವಾಹನ ಎಂದು ಹೆಸರು. ಇವುಗಳ ಒಡೆಯರಿಗೂ ಪರಿಸರ ಕಾರ್ಯಕರ್ತರಿಗೂ ನಡುವಿನ ತಕರಾರಿಗೆ ಅರ್ಧ ಶತಮಾನ ದಾಟಿದೆ. ಅಮೆರಿಕದ ಅಧ್ಯಕ್ಷ ರಿಚರ್ಡ್ ನಿಕ್ಸನ್ 1972ರ ಫೆಬ್ರವರಿಯಲ್ಲಿ ಆದೇಶ ಹೊರಡಿಸಿ, ಅಲ್ಲಿನ ಸಾರ್ವಜನಿಕ ಭೂಮಿಯಲ್ಲಿ ಇಂಥ ವಾಹನಗಳು ಎಲ್ಲಿ ಓಡಾಡಬಹುದು, ಎಲ್ಲಿ ಕೂಡದು ಎಂಬುದನ್ನು ಗೊತ್ತುಪಡಿಸಬೇಕೆಂದರು. ಆಗ ಚರ್ಚೆಯಲ್ಲಿದ್ದದ್ದು ಮಣ್ಣಿನ ಸವೆತ, ವನ್ಯಜೀವಿಗಳ ನೆಮ್ಮದಿ ಮತ್ತು ಇತರ ಸಂದರ್ಶಕರಿಗಾಗುವ ತೊಂದರೆ.

ಹವಾಮಾನ ಬದಲಾವಣೆ ಈ ತಕರಾರಿನೊಳಗೆ ಬಂದದ್ದು ತಡವಾಗಿ. 2005ರ ಮೇ ತಿಂಗಳಲ್ಲಿ ಗ್ರೀನ್‌ಪೀಸ್ ಕಾರ್ಯಕರ್ತರು ಇಂಗ್ಲೆಂಡಿನ ಸೊಲಿಹಲ್‌ನಲ್ಲಿರುವ ಲ್ಯಾಂಡ್ ರೋವರ್ ಕಾರ್ಖಾನೆಯ ಕೆಲಸ ತಡೆದರು. 2022ರಲ್ಲಿ ಬ್ರಿಟನ್ನಿನ ಒಂದು ಗುಂಪು ರಾತ್ರಿ ಹೊತ್ತು ನಗರದ ಎಸ್‌ಯುವಿಗಳ ಟೈರಿನ ಗಾಳಿ ತೆಗೆಯತೊಡಗಿತು. 2024ರ ಫೆಬ್ರವರಿಯಲ್ಲಿ ಪ್ಯಾರಿಸ್ ನಗರದಲ್ಲಿ ಭಾರದ ವಾಹನಗಳ ನಿಲುಗಡೆ ಶುಲ್ಕವನ್ನು ಮೂರು ಪಟ್ಟು ಏರಿಸುವ ಪ್ರಸ್ತಾಪ ಜನಮತಕ್ಕೆ ಹೋಗಿ, ಮತ ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಒಪ್ಪಿಗೆ ಪಡೆಯಿತು. ಮೂರೂ ಕಡೆ ಗುರಿಯಾದದ್ದು ನಗರದ ಬೀದಿಯಲ್ಲಿ ಓಡುವ ಭಾರಿ ವಾಹನ. ಬೆಟ್ಟ ಹತ್ತುವ ಜೀಪು ಅಲ್ಲಿ ಪ್ರಶ್ನೆಯೇ ಆಗಿರಲಿಲ್ಲ.

ಕರ್ನಾಟಕದಲ್ಲಿ ಈ ಎರಡು ತಕರಾರುಗಳೂ ಒಟ್ಟಿಗೆ ಎದುರಾಗಿ ಒಂದರೊಳಗೊಂದು ಬೆರೆತುಹೋಗಿವೆ. ಹೊಗೆಯ ಲೆಕ್ಕ ಒಂದು, ಮಣ್ಣಿನ ಲೆಕ್ಕ ಇನ್ನೊಂದು. ಇವೆರಡನ್ನೂ ಬಿಡಿಸಿ ನೋಡಿದರೆ ಮಾತ್ರ ಎರಡು ಪಕ್ಷಗಳ ವಾದದಲ್ಲಿ ಯಾವುದು ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂಬುದು ತಿಳಿಯುತ್ತದೆ. ಬೆಂಗಳೂರಿನ ಪಕ್ಕದ ಮಾಗಡಿ–ರಾಮನಗರ ಸೀಮೆ ಈ ಪರಿಶೀಲನೆಗೆ ತಕ್ಕ ನೆಲ.

2. ಜೀಪಿನಿಂದ ಎಸ್‌ಯುವಿಗೆ

ಸ್ವಾತಂತ್ರ್ಯಾನಂತರ ಮಹೀಂದ್ರ ಸಂಸ್ಥೆ ವಿಲ್ಲಿಸ್ ಜೀಪುಗಳನ್ನು ಭಾರತದಲ್ಲಿ ಜೋಡಿಸತೊಡಗಿದ ಮೇಲೆ ಜೀಪು ಸೇನೆ, ಅರಣ್ಯ ಇಲಾಖೆ ಮತ್ತು ಮಲೆನಾಡಿನ ಕಾಫಿ ತೋಟಗಳ ವಾಹನವಾಯಿತು. 1985ರಲ್ಲಿ ಬಂದ ಮಾರುತಿ ಜಿಪ್ಸಿಯೂ ಅದೇ ದಾರಿ ಹಿಡಿಯಿತು. ಆ ಕಾಲದಲ್ಲಿ ಫೋರ್‌ವ್ಹೀಲ್ ಡ್ರೈವ್ ಕೆಲಸದ ಅಗತ್ಯವಾಗಿತ್ತು. ಹವ್ಯಾಸಕ್ಕಾಗಿ ಅದನ್ನು ಕೊಳ್ಳುವವರು ವಿರಳ. 2010ರಲ್ಲಿ ಬಂದ ಮಹೀಂದ್ರ ಥಾರ್, 2020ರ ಅಕ್ಟೋಬರ್‌ನಲ್ಲಿ ಹೊಸ ರೂಪ ಪಡೆದ ಮೇಲೆ ಈ ಸ್ಥಿತಿ ಬದಲಾಯಿತು. ಹವಾನಿಯಂತ್ರಣ, ಆಟೊಮ್ಯಾಟಿಕ್ ಗೇರು, ಆರಾಮದ ಸೀಟುಗಳಿರುವ ಅದೇ ವಾಹನ ಸೋಮವಾರ ಕಚೇರಿಗೂ ಭಾನುವಾರ ಬೆಟ್ಟಕ್ಕೂ ಹೋಗುವಂತಾಯಿತು.

ಇದರ ಹಿಂದೆ ದೊಡ್ಡದೊಂದು ಮಾರುಕಟ್ಟೆ ಬದಲಾವಣೆಯಿದೆ. 2023–24ರ ಹಣಕಾಸು ವರ್ಷದಲ್ಲಿ ಭಾರತದಲ್ಲಿ ಮಾರಾಟವಾದ ಸುಮಾರು 42 ಲಕ್ಷ ಪ್ರಯಾಣಿಕ ವಾಹನಗಳಲ್ಲಿ 25 ಲಕ್ಷಕ್ಕೂ ಹೆಚ್ಚು ಯುಟಿಲಿಟಿ ವಾಹನಗಳು, ಅಂದರೆ ಎಸ್‌ಯುವಿ ಮತ್ತು ಅದರ ಬಳಗದವು. ಇವುಗಳಲ್ಲಿ ನಾಲ್ಕೂ ಗಾಲಿಗೆ ಬಲವಿರುವವು ಸಣ್ಣ ಪಾಲು. ಆದರೂ ಆಫ್‌ರೋಡ್ ವಾಹನದ ಗತ್ತೇ ಈ ಇಡೀ ವರ್ಗದ ಜಾಹೀರಾತಿಗೆ ಬಂಡವಾಳ. ಬೆಟ್ಟ, ಹಳ್ಳ, ಮರಳುಗಾಡಿನ ಚಿತ್ರ ತೋರಿಸಿ ಮಾರಿದ ಬಹುಪಾಲು ವಾಹನಗಳು ಡಾಂಬರು ಬಿಟ್ಟು ಇಳಿಯುವುದೇ ಇಲ್ಲ.

3. ಹೊಗೆಯ ಲೆಕ್ಕ

ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಪ್ರಕಾರ 2023ರಲ್ಲಿ ಜಗತ್ತಿನಲ್ಲಿ ಮಾರಾಟವಾದ ಕಾರುಗಳಲ್ಲಿ ಶೇ. 48ರಷ್ಟು ಎಸ್‌ಯುವಿಗಳು. ಮಧ್ಯಮ ಗಾತ್ರದ ಕಾರಿಗಿಂತ ಇವು ಸರಾಸರಿ 200ರಿಂದ 300 ಕಿಲೋ ಭಾರ. ಓಡಾಟದಲ್ಲಿರುವ ಎಸ್‌ಯುವಿಗಳು ವರ್ಷಕ್ಕೆ ಉಗುಳುವ ಇಂಗಾಲದ ಡೈಆಕ್ಸೈಡ್ 100 ಕೋಟಿ ಟನ್ ಮೀರಿದೆ. ಪರಿಸರ ಕಾರ್ಯಕರ್ತರ ಹವಾಮಾನ ವಾದ ನಿಂತಿರುವುದು ಈ ಅಂಕಿಗಳ ಮೇಲೆ. ಆಫ್‌ರೋಡ್ ಒಡೆಯರ ಉತ್ತರವೂ ಚಿಕ್ಕದೇನಲ್ಲ: ತಿಂಗಳಿಗೊಮ್ಮೆ ಬೆಟ್ಟಕ್ಕೆ ಹೋಗುವ ಕೆಲವೇ ಜೀಪುಗಳ ಹೊಗೆ ಇದರಲ್ಲಿ ಎಷ್ಟು ಎಂದು ಅವರು ಕೇಳುತ್ತಾರೆ.

ಒಂದು ಮಾದರಿ ಲೆಕ್ಕ ಹಾಕಬಹುದು. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.68 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಲೀಟರಿಗೆ 10 ಕಿಲೋಮೀಟರ್ ಕೊಡುವ ಡೀಸೆಲ್ ಜೀಪೊಂದು ಬೆಂಗಳೂರಿನಿಂದ ಹೊರಟು, ಹೋಗಿಬರುವ ದಾರಿ ಸೇರಿ 80 ಕಿಲೋಮೀಟರ್ ಓಡಿತೆಂದು ಇಟ್ಟುಕೊಳ್ಳೋಣ. ಅದಕ್ಕೆ 8 ಲೀಟರ್. ಬೆಟ್ಟದ ಬುಡದಲ್ಲಿ ಲೋ ಗೇರಿನಲ್ಲಿ ಕೆಲವು ಗಂಟೆ ಆಡಿದ್ದಕ್ಕೆ ಇನ್ನು 6 ಲೀಟರ್. ಒಟ್ಟು 14 ಲೀಟರಿಗೆ ಸುಮಾರು 37.5 ಕಿಲೋ. ಅದೇ ವಾಹನ ತಿಂಗಳಿಗೆ 25 ದಿನ, ದಿನಕ್ಕೆ 30 ಕಿಲೋಮೀಟರ್ ಕಚೇರಿಗೆ ಓಡಿದರೆ 75 ಲೀಟರ್ ಉರಿದು 201 ಕಿಲೋ ಹೊರಬರುತ್ತದೆ. ತಿಂಗಳ ಒಟ್ಟು ಹೊಗೆಯಲ್ಲಿ ರಸ್ತೆ ಬಿಟ್ಟು ಇಳಿದದ್ದರ ಪಾಲು 16 ಕಿಲೋ, ಎಂದರೆ ನೂರಕ್ಕೆ ಏಳರಷ್ಟು ಮಾತ್ರ.

ಈ ಲೆಕ್ಕದಿಂದ ಎರಡು ಮಾತು ಹೊರಡುತ್ತವೆ. ಬೆಟ್ಟದ ಆಟವೇ ಹವಾಮಾನ ಕೆಡಿಸುತ್ತಿದೆ ಎಂಬ ಆರೋಪ ಅಳತೆ ಮೀರಿದ್ದು. ಹಾಗೆಯೇ, ಆಟ ಸಣ್ಣದೆಂಬ ಕಾರಣಕ್ಕೆ ವಾಹನವೂ ನಿರ್ದೋಷಿ ಎಂಬ ಸಮರ್ಥನೆ ಸರಿಯಲ್ಲ. ಭಾನುವಾರದ ಆಸೆಗೆ ಕೊಂಡ ಭಾರದ ವಾಹನ ವಾರವಿಡೀ ಆ ಭಾರವನ್ನು ಹೊತ್ತು ಓಡುತ್ತದೆ.

4. ಮಣ್ಣಿನ ಲೆಕ್ಕ

ರಾಮನಗರ ಜಿಲ್ಲೆ 2007ರಲ್ಲಿ ರಚನೆಯಾಗಿ 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಪಡೆಯಿತು. ಇಲ್ಲಿನ ಬೆಟ್ಟಗಳು ಸುಮಾರು 250 ಕೋಟಿ ವರ್ಷ ಹಳೆಯ ಕ್ಲೋಸ್‌ಪೇಟೆ ಗ್ರಾನೈಟಿನವು. ರಾಮನಗರದ ಹಳೆಯ ಹೆಸರೇ ಈ ಶಿಲೆಗೆ ಬಂದಿದೆ. ಮಾಗಡಿ ತಾಲ್ಲೂಕಿನ ಸಾವನದುರ್ಗ 1,226 ಮೀಟರ್ ಎತ್ತರದ ಏಕಶಿಲಾ ಬೆಟ್ಟ. ಅರ್ಕಾವತಿ ನದಿ ತಿಪ್ಪಗೊಂಡನಹಳ್ಳಿ ಮತ್ತು ಮಂಚನಬೆಲೆ ಜಲಾಶಯಗಳನ್ನು ದಾಟಿ, ರಾಮನಗರ ಹಾದು, ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಕಾವೇರಿ ಸೇರುತ್ತದೆ. ತಿಪ್ಪಗೊಂಡನಹಳ್ಳಿ ಜಲಾಶಯವನ್ನು 1933ರಲ್ಲಿ ಬೆಂಗಳೂರಿನ ಕುಡಿಯುವ ನೀರಿಗಾಗಿಯೇ ಕಟ್ಟಲಾಯಿತು. ಬೆಂಗಳೂರಿಗೆ ಇಷ್ಟು ಹತ್ತಿರ, ಇಷ್ಟು ಬಂಡೆ, ಇಷ್ಟು ಏರುತಗ್ಗು ಇರುವುದರಿಂದಲೇ ಸಾವನದುರ್ಗ–ಮಂಚನಬೆಲೆ ಸುತ್ತಿನ ಕುರುಚಲು ಕಾಡು ನಗರದ ಜೀಪು ಸವಾರರನ್ನು ಸೆಳೆಯುತ್ತದೆ.

ಇಲ್ಲಿ ಬಂಡೆಯ ಮೇಲಿನ ಮಣ್ಣು ತೆಳು, ಕೆಂಪು, ಮರಳುಮಿಶ್ರಿತ. ಕಲ್ಲುಹೂವು, ಪಾಚಿ, ಮೋಟು ಹುಲ್ಲು ಸೇರಿ ಅದನ್ನು ಹಿಡಿದಿಟ್ಟಿರುತ್ತವೆ. ಇಳಿಜಾರನ್ನು ನೇರವಾಗಿ ಹತ್ತುವ ಜೀಪಿನ ಗಾಲಿ ಹಿಡಿತ ತಪ್ಪಿ ಒಂದೆಡೆ ಸುತ್ತಿದರೆ ಈ ಹೊದಿಕೆ ಕಿತ್ತುಬರುತ್ತದೆ. ಹಿಂದೆ ಬಂದ ಜೀಪುಗಳೂ ಅದೇ ಜಾಡಿನಲ್ಲಿ ಹತ್ತುವುದರಿಂದ ಎರಡು ಸಮಾನಾಂತರ ತೋಡುಗಳಾಗುತ್ತವೆ. ಅವುಗಳ ತಳದ ಮಣ್ಣು ಭಾರಕ್ಕೆ ಅದುಮಿ ಗಟ್ಟಿಯಾಗಿರುತ್ತದೆ; ನೀರು ಇಂಗುವುದಿಲ್ಲ. ಮುಂದಿನ ಮಳೆಗೆ ಇಳಿಜಾರಿನ ನೀರೆಲ್ಲ ಆ ತೋಡಿಗೆ ಸೇರಿ ರಭಸ ಪಡೆಯುತ್ತದೆ. ಒಂದೆರಡು ಮಳೆಗಾಲದಲ್ಲಿ ಗಾಲಿಯ ಜಾಡು ಕೊರಕಲಾಗುತ್ತದೆ. ಕೊಚ್ಚಿದ ಮಣ್ಣು ಹಳ್ಳಕ್ಕೆ, ಹಳ್ಳದಿಂದ ಕೆರೆಗೆ, ಜಲಾಶಯಕ್ಕೆ ಹೂಳಾಗಿ ಸೇರುತ್ತದೆ. ಜಾಡು ಕೊರಕಲಾದ ಮೇಲೆ ಸವಾರರು ಪಕ್ಕದಲ್ಲಿ ಹೊಸ ಜಾಡು ಹಿಡಿಯುತ್ತಾರೆ. ಹಾನಿ ಹೀಗೆ ಅಗಲವಾಗುತ್ತ ಹೋಗುತ್ತದೆ.

ಈ ನೆಲದ ಬಹುಭಾಗ ನೋಡುವವರಿಗೆ ಪಾಳು ಎನಿಸುತ್ತದೆ. ಆದರೆ ಗುಡೇಮಾರನಹಳ್ಳಿಯಂಥ ಮಾಗಡಿ ಸೀಮೆಯ ಊರುಗಳಲ್ಲಿ ರಾಗಿ ಹೊಲ ದಾಟಿದರೆ ಸಿಗುವ ಗೋಮಾಳ, ದಿಬ್ಬ, ಕಾಡಂಚು ಯಾರಿಗೂ ಸೇರದ ಜಾಗಗಳಲ್ಲ. ಊರ ದನಕುರಿಗಳ ಮೇವಿಗಾಗಿ ಮೀಸಲಿಟ್ಟ ನೆಲವನ್ನು 1964ರ ಕರ್ನಾಟಕ ಭೂಕಂದಾಯ ಕಾಯ್ದೆ ಗುರುತಿಸುತ್ತದೆ. ಹುಲ್ಲುನೆಲದ ಇಂಗಾಲ ಹೆಚ್ಚಾಗಿ ಇರುವುದು ಬೇರು ಮತ್ತು ಮಣ್ಣಿನಲ್ಲಿ. ಮೇಲ್ಮಣ್ಣು ಹೋದರೆ ಮೇವು, ತೇವ, ಇಂಗಾಲ ಮೂರೂ ಒಟ್ಟಿಗೆ ಹೋಗುತ್ತವೆ.

ವನ್ಯಜೀವಿಗಳ ವಿಷಯವೂ ಇಲ್ಲಿ ಸೇರುತ್ತದೆ. ಅಳಿವಿನಂಚಿನ ಉದ್ದ ಕೊಕ್ಕಿನ ರಣಹದ್ದು ರಾಮನಗರದ ಬಳಿಯ ರಾಮದೇವರಬೆಟ್ಟದ ಕಡಿದಾದ ಬಂಡೆಗಳಲ್ಲಿ ಗೂಡು ಕಟ್ಟುತ್ತದೆ. 2012ರಲ್ಲಿ ಸುಮಾರು 346 ಹೆಕ್ಟೇರ್ ಪ್ರದೇಶವನ್ನು ರಣಹದ್ದು ಅಭಯಾರಣ್ಯವೆಂದು ಘೋಷಿಸಲಾಯಿತು. 2017ರಲ್ಲಿ ಅದರ ಸುತ್ತ ಪರಿಸರಸೂಕ್ಷ್ಮ ವಲಯ ಗೊತ್ತುಮಾಡಲಾಯಿತು. ಗೂಡಿನ ಕಾಲದಲ್ಲಿ ಬಂಡೆಯ ಬುಡದ ಎಂಜಿನ್ ಸದ್ದು ಇಂಥ ಹಕ್ಕಿಗಳಿಗೆ ಅಡಚಣೆ.

ಹವಾಮಾನ ಬದಲಾವಣೆ ಈ ಸೀಮೆಯನ್ನು ನೇರವಾಗಿ ಮುಟ್ಟುವುದು ಮಳೆಯ ಮೂಲಕ. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದಲ್ಲಿ ಸುರಿದ ಮಳೆಗೆ ಬೆಂಗಳೂರು–ಮೈಸೂರು ಹೆದ್ದಾರಿಯೇ ಮುಳುಗಿತು. ಮರುವರ್ಷ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು. ಒಂದೊಂದು ವರ್ಷದ ಮಳೆಗೆ ಹವಾಮಾನ ಬದಲಾವಣೆಯೊಂದನ್ನೇ ಕಾರಣವೆನ್ನಲಾಗದು. ಆದರೆ ಗಾಳಿ ಬಿಸಿಯಾದಂತೆ ಅದು ಹೊರುವ ತೇವಾಂಶ ಹೆಚ್ಚುತ್ತದೆ, ಬಿರುಮಳೆಯ ಸಂಭವವೂ ಹೆಚ್ಚುತ್ತದೆ. ಬಿರುಮಳೆಯ ನೀರನ್ನು ಹಿಡಿದು ಬರದ ದಿನಗಳಿಗೆ ಉಳಿಸಿಕೊಡುವುದು ಇದೇ ತೆಳು ಮಣ್ಣು. ಆಫ್‌ರೋಡ್ ಆಟಕ್ಕೂ ಹವಾಮಾನಕ್ಕೂ ಇರುವ ನಿಜವಾದ ನಂಟು ಇಲ್ಲಿದೆ.

5. ಮಾಂದಲಪಟ್ಟಿಯ ನಿದರ್ಶನ

ಹವ್ಯಾಸಕ್ಕೂ ಹೊಟ್ಟೆಪಾಡಿಗೂ ಇರುವ ವ್ಯತ್ಯಾಸವನ್ನು ಕೊಡಗಿನ ಮಾಂದಲಪಟ್ಟಿ ತೋರಿಸುತ್ತದೆ. 2008ರಲ್ಲಿ ಬಂದ ‘ಗಾಳಿಪಟ’ ಚಿತ್ರ ಈ ಜಾಗವನ್ನು ಮುಗಿಲುಪೇಟೆಯಾಗಿ ಮನೆಮಾತು ಮಾಡಿತು. ಪುಷ್ಪಗಿರಿ ವನ್ಯಜೀವಿಧಾಮಕ್ಕೆ ಹೊಂದಿಕೊಂಡ ಈ ಗುಡ್ಡಕ್ಕೆ ಸಾಮಾನ್ಯ ಕಾರು ಹತ್ತುವುದು ಕಷ್ಟ; ಪ್ರವಾಸಿಗರನ್ನು ಹೊತ್ತೊಯ್ಯುವುದು ಬಾಡಿಗೆ ಜೀಪು. ಸುತ್ತಿನ ಊರುಗಳ ಅನೇಕ ಮನೆಗಳು ನಡೆಯುವುದು ಈ ಬಾಡಿಗೆಯಿಂದ.

2018ರ ಆಗಸ್ಟಿನ ಮಹಾಮಳೆಯಲ್ಲಿ ಭೂಕುಸಿತಕ್ಕೆ ಸಿಕ್ಕಿ ನಲುಗಿದ ಮಕ್ಕಂದೂರು, ಮುಕ್ಕೋಡ್ಲು ಭಾಗಗಳು ಇದೇ ಬೆಟ್ಟಸಾಲಿನವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅತಿಮಳೆಯ ಜೊತೆಗೆ ರಸ್ತೆ, ಕಟ್ಟಡಗಳಿಗಾಗಿ ಇಳಿಜಾರನ್ನು ಕಡಿದದ್ದನ್ನೂ ಕಾರಣವಾಗಿ ಗುರುತಿಸಿತು. ಜೀಪುಗಳಿಂದ ಗುಡ್ಡ ಕುಸಿಯಿತೆಂದು ಹೇಳಲು ಆಧಾರವಿಲ್ಲ. ಆದರೆ ಸಡಿಲಗೊಂಡ ಇಳಿಜಾರಿನಲ್ಲಿ ಮಳೆಗಾಲದ ವಾಹನ ಸಂಚಾರಕ್ಕೆ ಮಿತಿ ಬೇಕೆಂಬ ಒತ್ತಾಯಕ್ಕೆ ಆ ದುರಂತ ಬಲ ಕೊಟ್ಟಿತು. ಬಾಡಿಗೆ ಜೀಪಿನವರ ಮೇಲೆ ಹೇರುವ ನಿರ್ಬಂಧ ಒಂದು ಮನೆಯ ದುಡಿಮೆಯನ್ನು ತಟ್ಟುತ್ತದೆ. ಹವ್ಯಾಸಿಯ ಮೇಲಿನ ನಿರ್ಬಂಧ ರಜೆಯ ಒಂದು ದಿನವನ್ನು. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ನಿಯಮ ನ್ಯಾಯವೆನಿಸದು.

6. ಎರಡು ಪಕ್ಷ ಮತ್ತು ಕಾನೂನು

ಆಫ್‌ರೋಡ್ ಒಡೆಯರ ವಾದಗಳಲ್ಲಿ ಮೂರು ಮುಖ್ಯ. ಒಂದು, ಕಲ್ಲು ಕ್ವಾರಿ, ಜಲ್ಲಿ ಕ್ರಷರ್, ಬಡಾವಣೆಗಳು ಬೆಟ್ಟವನ್ನೇ ತಿನ್ನುತ್ತಿರುವಾಗ ಜೀಪಿನ ಜಾಡನ್ನು ದೂರುವುದು ಪಕ್ಷಪಾತ. ಎರಡು, ಪಳಗಿದ ಸವಾರ ಟೈರಿನ ಗಾಳಿ ಇಳಿಸಿ ನಿಧಾನವಾಗಿ ಹತ್ತುತ್ತಾನೆ. ಸಿಲುಕಿದ ವಾಹನವನ್ನು ಎಳೆಯುವ ವಿಂಚ್ ಕಟ್ಟುವಾಗ ಮರದ ತೊಗಟೆಗೆ ಗಾಯವಾಗದಂತೆ ಅಗಲ ಪಟ್ಟಿ ಬಳಸುತ್ತಾನೆ. ಮೂರು, ಪ್ರವಾಹ, ಭೂಕುಸಿತದಂಥ ಹೊತ್ತಿನಲ್ಲಿ ಇದೇ ವಾಹನಗಳು ಜನರನ್ನು ಪಾರುಮಾಡಿವೆ. ಮೂರೂ ಸತ್ಯ. ಆದರೆ ದೊಡ್ಡ ಹಾನಿಯಿದೆ ಎಂದ ಮಾತ್ರಕ್ಕೆ ಸಣ್ಣ ಹಾನಿ ಸಕ್ರಮವಾಗದು. ಎಚ್ಚರದ ಸವಾರನ ಹಿಂದೆ ಎಚ್ಚರವಿಲ್ಲದವರೂ ಅದೇ ಜಾಡಿನಲ್ಲಿ ಬರುತ್ತಾರೆ. ಕಾರ್ಯಕರ್ತರ ಕಡೆಯಲ್ಲೂ ದೌರ್ಬಲ್ಯವಿದೆ: ಮಣ್ಣಿನ ಹಾನಿಯನ್ನು ಸ್ಥಳದಲ್ಲೇ ತೋರಿಸಬಹುದಾದಾಗಲೂ ಹವಾಮಾನದ ದೊಡ್ಡ ಮಾತಿಗೆ ಹಾರುವುದರಿಂದ ಎದುರಾಳಿಗೆ ಸುಲಭದ ಉತ್ತರ ಸಿಗುತ್ತದೆ.

ಕಾನೂನು ಚದುರಿಹೋಗಿದೆ. 1963ರ ಕರ್ನಾಟಕ ಅರಣ್ಯ ಕಾಯ್ದೆ ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದ ಪ್ರವೇಶವನ್ನೂ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಭಯಾರಣ್ಯ ಪ್ರವೇಶವನ್ನೂ ನಿಯಂತ್ರಿಸುತ್ತವೆ. ವಾಹನದ ಮೂಲ ವಿನ್ಯಾಸ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅರಣ್ಯವೂ ಅಲ್ಲದ, ರಸ್ತೆಯೂ ಅಲ್ಲದ ಗೋಮಾಳ, ಕೆರೆಯಂಗಳ, ಹಳ್ಳದ ದಂಡೆಗಳಲ್ಲಿ ಮಾತ್ರ ಆಫ್‌ರೋಡ್ ಸಂಚಾರವನ್ನೇ ಉದ್ದೇಶಿಸಿದ ಸ್ಪಷ್ಟ ನಿಯಮ ಕಾಣುವುದಿಲ್ಲ. ಹೆಚ್ಚಿನ ಹಾನಿ ಆಗುವುದು ಅಲ್ಲೇ.

7. ಪರಿಹಾರದ ದಿಕ್ಕು

ಎರಡು ಲೆಕ್ಕಗಳಿಗೆ ಎರಡು ಬಗೆಯ ಪರಿಹಾರ ಬೇಕೆಂಬುದನ್ನು ವಿದ್ಯುತ್ ವಾಹನದ ಉದಾಹರಣೆ ಸ್ಪಷ್ಟಪಡಿಸುತ್ತದೆ. ವಿದ್ಯುತ್ ಜೀಪು ಹೊಗೆಯನ್ನೂ ಸದ್ದನ್ನೂ ತಗ್ಗಿಸಬಹುದು. ಆದರೆ ಮಣ್ಣಿನ ಹಾನಿ ಇದ್ದಷ್ಟೇ ಇರುತ್ತದೆ, ಬ್ಯಾಟರಿಯ ಭಾರದಿಂದ ಹೆಚ್ಚಲೂಬಹುದು.

ಹೊಗೆಯ ಲೆಕ್ಕಕ್ಕೆ ಪರಿಹಾರ ತೆರಿಗೆ ಮತ್ತು ತಯಾರಿಕೆಯ ಮಟ್ಟದಲ್ಲಿದೆ. 2022ರಿಂದ ಜಾರಿಯಲ್ಲಿರುವ ಎರಡನೇ ಹಂತದ ಕೇಂದ್ರ ಮಾನದಂಡ ಕಾರುಗಳ ಸರಾಸರಿ ಹೊಗೆಯನ್ನು ಕಿಲೋಮೀಟರಿಗೆ 113 ಗ್ರಾಂಗೆ ಮಿತಗೊಳಿಸುವ ಗುರಿ ಹೊಂದಿದೆ. ಕರ್ನಾಟಕದ ಜೀವಿತಾವಧಿ ತೆರಿಗೆ ವಾಹನದ ಬೆಲೆಯನ್ನು ಆಧರಿಸಿದೆ. ಭಾರ ಮತ್ತು ಹೊಗೆಯನ್ನೂ ಅದಕ್ಕೆ ಆಧಾರವಾಗಿಸಿದರೆ ಕೊಳ್ಳುವಾಗಲೇ ಆಯ್ಕೆಯ ಮೇಲೆ ಪರಿಣಾಮವಾಗುತ್ತದೆ.

ಮಣ್ಣಿನ ಲೆಕ್ಕಕ್ಕೆ ಪರಿಹಾರ ಸ್ಥಳೀಯವೇ ಆಗಬೇಕು. ಕಲ್ಲು ತೆಗೆದು ಬಿಟ್ಟ ಕ್ವಾರಿ ನೆಲಗಳಲ್ಲಿ ಕಳೆದುಕೊಳ್ಳಲು ಮೇಲ್ಮಣ್ಣೇ ಉಳಿದಿರುವುದಿಲ್ಲ. ಸುರಕ್ಷತೆ ಪರಿಶೀಲಿಸಿ ಅಂಥವನ್ನು ಗ್ರಾಮ ಪಂಚಾಯಿತಿಯ ಮೂಲಕ ಶುಲ್ಕದ ಆಫ್‌ರೋಡ್ ಅಂಗಳಗಳಾಗಿ ಬಿಟ್ಟುಕೊಡಬಹುದು. ಜಲಾಶಯಗಳ ಜಲಾನಯನ, ರಣಹದ್ದಿನ ಬಂಡೆಗಳು, ಗೋಮಾಳಗಳು ಪೂರ್ತಿ ನಿಷಿದ್ಧವಾಗಬೇಕು. ಮಳೆಗಾಲದಲ್ಲಿ, ಮಣ್ಣು ಹಸಿಯಾಗಿರುವಷ್ಟು ದಿನ, ಇಳಿಜಾರುಗಳನ್ನು ಮುಚ್ಚಬೇಕು. ಮಾಂದಲಪಟ್ಟಿಯಂಥ ಕಡೆ ಬಾಡಿಗೆ ಜೀಪುಗಳಿಗೆ ಸಂಖ್ಯಾಮಿತಿ, ಒಂದೇ ಗಟ್ಟಿ ಜಾಡು ಮತ್ತು ಮುಚ್ಚಿದ ತಿಂಗಳುಗಳಿಗೆ ಬದಲಿ ದುಡಿಮೆ ಒಟ್ಟಿಗೆ ಬರಬೇಕು. ಜಾಡು ಗೊತ್ತುಮಾಡುವ ಸಭೆಯಲ್ಲಿ ಅರಣ್ಯ ಇಲಾಖೆ, ಜೀಪು ಕ್ಲಬ್ಬುಗಳು, ಕಾರ್ಯಕರ್ತರ ಜೊತೆಗೆ ದನಕುರಿ ಮೇಯಿಸುವವರಿಗೂ ಸ್ಥಾನವಿರಬೇಕು. ಕೊರಕಲಿನಿಂದ ಮೇವು ಕಳೆದುಕೊಳ್ಳುವವರು ಅವರೇ. ಈ ವಿವಾದದಲ್ಲಿ ಅತಿ ಕಡಿಮೆ ಹೊಗೆ ಉಗುಳಿದವರೂ ಅವರೇ.